ಲೆಕ್ಕಕ್ಕೆ ಬಾರದ ಚೀಲ

“ಅಮ್ಮ, ಇಲ್ಲಿ ಮಸಿ ಅಂಟ್ಕೊಂಡಿದೆ, ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ” ಎಂದು ಭಾನುವಾರ ಬಚ್ಚಲಲ್ಲಿ ಬೆನ್ನುಜ್ಜುತ್ತಿದ್ದ ಏಳು ವರ್ಷದ ಗೌತಮಿ ಹೇಳಿದಾಗ ಅಂಜಿನಮ್ಮನಿಗೆ ನಗು ಬಂತು. ಮಗಳು ಸೀಗೆಪುಡಿ ಹಾಕಿ ಮತ್ತೆ ಉಜ್ಜಿದಳು. ಬಲ ಹೆಗಲು ಉರಿಯಿತು. ಮಸಿಯಲ್ಲ, ಚೀಲದ ಪಟ್ಟಿ ಕೂತು ಕೂತು ಚರ್ಮ ಬೆರಳಗಲ ಕಪ್ಪಗಾಗಿ ದಡ್ಡುಗಟ್ಟಿತ್ತು. ಎಷ್ಟು ದಿನದಿಂದ ಇತ್ತೋ, ತನ್ನ ಮೈಯೇ ತನಗೆ ಹೇಳಿರಲಿಲ್ಲ. ಹೋದ ವಾರ ಕಪ್ಪುಹಲಗೆಯ ಮೇಲ್ತುದಿಗೆ ತಾರೀಕು ಬರೆಯಲು ಕೈಯೆತ್ತಿದರೆ ಕೈ ಏಳದೆ, ಹುಡುಗಿಯರ ಮುಂದೆ ಏನೂ ಆಗದವಳಂತೆ ಅರ್ಧ ಹಲಗೆಯಲ್ಲೇ ತಾರೀಕು ಬರೆದು ಮುಗಿಸಿದ್ದಳು. ಗಂಡ ಮುನಿರಾಜಪ್ಪ ಹೆಗಲು ನೋಡಿ, “ನೊಗ ಹೊತ್ತ ಎತ್ತಿಗೆ ಹಿಂಗೇ ಆಗ್ತದೆ” ಎಂದ. ತಮಾಷೆಗೆ ಎಂದದ್ದು. ಎತ್ತಿಗೆ ನೊಗ ಕಟ್ಟುವವನು ಬೇರೆ ಇರುತ್ತಾನೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು, ಯಾಕೋ ಅಲ್ಲೇ ನಿಂತಿತು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲೇ ಹಲಸೂರಿನ ಧರ್ಮಾಸ್ಪತ್ರೆಯ ಕಿಟಕಿಯ ಮುಂದೆ ನಿಂತಳು. ಎಡ ಸೊಂಟದ ಮೇಲೆ ಎರಡು ವರ್ಷದ ಮಗ, ಬಲ ಹೆಗಲಿನ ತುಂಬ ಚೀಲಗಳು, ಸೆರಗು ಹಿಡಿದ ಗೌತಮಿ. ಒಳಗಿದ್ದ ಕಾಂಪೌಂಡರ್ ಲತೀಫ್ ಸೀಸೆಯೊಂದಕ್ಕೆ ಎಣ್ಣೆ ಬಗ್ಗಿಸುತ್ತ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಅವಳನ್ನು ಸಾಮಾನಿನ ಗಾಡಿ ನೋಡುವಂತೆ ನೋಡಿದ.

“ಟೀಚರಮ್ಮ, ಎಣ್ಣೆ ಕೊಡ್ತೀನಿ, ತಿಕ್ಕಿ. ಮಗರ್ ಎಣ್ಣೆ ಏನ್ ಮಾಡ್ತದೆ? ಬೋಝಾ, ಭಾರ, ಕಮ್ಮಿ ಮಾಡ್ಬೇಕು ನೀವು. ದಿನಾ ಎಷ್ಟು ಚೀಲ?”

“ನಾಲ್ಕು.”

“ಐದು, ಅಮ್ಮ” ಎಂದಳು ಗೌತಮಿ.

ಅಂಜಿನಮ್ಮ ಮನಸ್ಸಿನಲ್ಲೇ ಎಣಿಸಿದಳು. ಹುಡುಗಿಯರ ಕಾಪಿ ಪುಸ್ತಕಗಳ ಖಾಕಿ ಚೀಲ, ಯುದ್ಧ ಮುಗಿದ ಮೇಲೆ ಬ್ಲಾಕ್‌ಪಳ್ಳಿಯ ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದ ಮಿಲಿಟರಿ ಸಾಮಾನಿನಲ್ಲಿ ಆರಿಸಿದ್ದು. ಮಗುವಿನ ಚೀಲ: ಚಡ್ಡಿ, ಹಳೆ ಬಟ್ಟೆ, ರಾಗಿ ಗಂಜಿಯ ಬಾಟಲಿ. ಊಟದ ಡಬ್ಬಿಯ ಚೀಲ. ಸಂಜೆ ರೇಷನ್ನಿನ ಸಾಲಿನಲ್ಲಿ ನಿಲ್ಲಲು ಗೋಣಿಚೀಲ, ಅದರೊಳಗೆ ಸೀಮೆಣ್ಣೆಯ ಸೀಸೆ. ನಾಲ್ಕೇ.

“ಅದು ಗಿಳಿದು” ಎಂದು ಮಗಳು ಗಿಳಿಯ ಕಸೂತಿಯಿದ್ದ ಚೀಲದ ಕಡೆ ಬೆರಳು ತೋರಿಸಿದಳು.

“ಅದು ಚೀಲ ಅಲ್ಲ ಕಣೆ.”

“ಮತ್ತೇನು?”

“ಬೇಟಿ ಕೇಳೋದು ಸರಿ ಅದೆ” ಎಂದ ಲತೀಫ್, ಸೀಸೆಗೆ ಬಿರಡೆ ಒತ್ತುತ್ತ. “ಚೀಲ ಅಲ್ಲ ಅಂದ್ರೆ ಏನು ಟೀಚರಮ್ಮ, ತಾಯಿತಾನಾ?”

ಹಿಂದಿನ ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಎಣ್ಣೆಯ ಸೀಸೆಯನ್ನು ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಗಿಳಿಯ ಚೀಲದಲ್ಲೇ ಇಟ್ಟಳು.

ಕೆರೆಯ ಏರಿಯ ಮೇಲೆ ಗಾಳಿಯಿತ್ತು. ನೀಲಿ ಬಟ್ಟೆಯ ಮೇಲೆ ಹಸಿರು ದಾರದ ಗಿಳಿ ಅವಳ ಪಕ್ಕೆಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು. ಒಳಗೆ ತಿರುಗುಮುಚ್ಚಳದ ಹಿತ್ತಾಳೆ ಕೂಜ, ಕೂಜದ ತುಂಬ ಮನೆಯ ನೀರು, ಒಂದು ಲೋಟ. ಎರಡು ಸೇರು ನೀರು. ಬಲಕ್ಕೆ ಅಷ್ಟು ದೊಡ್ಡ ಕೆರೆ ಬಿದ್ದುಕೊಂಡಿರುವಾಗ ಅದರ ಪಕ್ಕದಲ್ಲೇ ತಾನು ನೀರು ಹೊತ್ತು ನಡೆಯುತ್ತಿದ್ದೇನೆ ಎನ್ನುವುದು ಕೆಲಸಕ್ಕೆ ಸೇರಿದ ಈ ಒಂಬತ್ತು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಎಲ್ಲ ಚೀಲಗಳನ್ನೂ ಅವಳು ಬೈದಿದ್ದಳು. ಗೋಣಿಚೀಲವನ್ನು ಅದರ ವಾಸನೆಗಾಗಿ, ಖಾಕಿ ಚೀಲವನ್ನು ಅದರ ಗಡಸು ಪಟ್ಟಿಗಾಗಿ. ಇದನ್ನು ಬೈದಿರಲಿಲ್ಲ. ಇದನ್ನು ವರ್ಷಕ್ಕೊಮ್ಮೆ ಬಿಚ್ಚಿ, ಒಗೆದು, ಗಿಳಿಯ ಸವೆದ ರೆಕ್ಕೆಗೆ ಹೊಸ ದಾರ ಹಾಕುತ್ತಿದ್ದಳು. ಯಾರು ಹೇಳಿದ್ದರು ತರಬೇಕೆಂದು? ಸೇಂಟ್ ಜಾನ್ಸ್ ರಸ್ತೆಯ ಏರು ಹತ್ತುತ್ತ, ಪಾಪುವನ್ನು ಸೊಂಟದ ಮೇಲೆ ಎತ್ತಿಹಾಕಿಕೊಳ್ಳುತ್ತ, ಅವಳು ಪ್ರಾಮಾಣಿಕವಾಗಿ ಹುಡುಕಿದಳು. ಹೆಡ್‌ಮಿಸ್ಟ್ರೆಸ್ ಪದ್ಮಾಸನಿಯಮ್ಮ ಹೇಳಿರಲಿಲ್ಲ. ಶಾಲೆ ನಡೆಸುವ ಕಮಿಟಿಯ ಯಜಮಾನರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರುವ ಎರಡು ದಿನ ಮುಂಚೆ ಇದೇ ಹಲಸೂರಿನಲ್ಲಿ ಅಪ್ಪನ ಮನೆಯಲ್ಲಿ ಕೂತು, ಹತ್ತೊಂಬತ್ತು ವರ್ಷದ ಹುಡುಗಿ, ಶಾಲೆಯಲ್ಲಿ ಬಾಯಾರಿದರೆ ಏನು ಮಾಡುವುದು ಎಂದು ಯೋಚಿಸಿದ್ದಳು. ಟೀಚರುಗಳ ಕೋಣೆಯಲ್ಲಿ ಹೂಜಿ ಇರುತ್ತದೆ, ಹೂಜಿಯ ಮೇಲೆ ಲೋಟ ಇರುತ್ತದೆ, ತಾನು ಕೈ ಚಾಚಿದ ಗಳಿಗೆಯಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಗಂಟಲಿನ ಸದ್ದನ್ನು ಅವಳು ಅಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಳೆಂದರೆ, ಬೆಳಗಾಗುವಷ್ಟರಲ್ಲಿ ಹಳೆಯ ಲಂಗದ ನೀಲಿ ಬಟ್ಟೆ ಕತ್ತರಿಸಿಯಾಗಿತ್ತು. ಅವಳಪ್ಪ ದಂಡು ಪ್ರದೇಶದಲ್ಲಿ ಒಬ್ಬ ಬಿಳಿ ದೊರೆಯ ಬಂಗಲೆಯ ಬಟ್ಲರು. ಭಾನುವಾರ ಮಾತ್ರ ಬಿಳಿ ಪಂಚೆಯುಟ್ಟು ಬೌದ್ಧರ ಸಭೆಯಲ್ಲಿ ಚಾಪೆಯ ಮೇಲೆ ನೆಟ್ಟಗೆ ಕೂರುವವನು, ಮಗಳು ಯಾರ ಮುಂದೆಯೂ ಬಗ್ಗಬಾರದೆಂದು ಟೀಚರ್ ತರಬೇತಿಯ ನಾರ್ಮಲ್ ಸ್ಕೂಲಿಗೆ ಕಳಿಸಿದವನು. ಚೀಲ ನೋಡಿ, “ಇದೇನಮ್ಮ ಇದು, ಅವರು ತಗೊಂಡು ಬಾ ಅಂದ್ರಾ?” ಎಂದು ಕೇಳಿದ್ದ. ಅವನ ಮುಖ ಆಗಲೇ ಬಿಗಿಯತೊಡಗಿತ್ತು.

“ಇಲ್ಲಪ್ಪ. ಅಲ್ಲಿ ಎಲ್ಲರೂ ತರ್ತಾರೆ.”

ಅಪ್ಪ ನಂಬಿದ. ನಂಬಿದ್ದಷ್ಟೇ ಅಲ್ಲ, ಆ ಸಂಜೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಹೋಗಿ ಈ ಕೂಜ ತಂದ. “ಎಲ್ಲರೂ ತರೋದಾದ್ರೆ, ನಿಂದು ಎಲ್ಲರದಕ್ಕಿಂತ ಚೆನ್ನಾಗಿರ್ಲಿ” ಎಂದ. ಅವನು ಸತ್ತು ಆರು ವರ್ಷವಾಗಿತ್ತು.

“ನಾನು ಟೀಚರ್ ಆದ್ಮೇಲೆ ಗಿಳಿ ಚೀಲ ನಂಗೇ ಅಲ್ವಾ ಅಮ್ಮ?” ಎಂದಳು ಗೌತಮಿ, ಪಟ್ಟಿಯ ತುದಿಯನ್ನು ಎಳೆಯುತ್ತ.

ಅಂಜಿನಮ್ಮ ನಿಂತುಬಿಟ್ಟಳು. ಹಿಂದಿನಿಂದ ಬಂದ ಜಟಕಾದವನು ತಮಿಳಿನಲ್ಲಿ ಏನೋ ಬೈದು, ಕುದುರೆಯನ್ನು ಪಕ್ಕಕ್ಕೆಳೆದುಕೊಂಡು ಹೋದ.

ಮಗುವನ್ನು ದಾರಿಯಲ್ಲಿ ಚಿಕ್ಕಮ್ಮನ ಮನೆಗೆ ಬಿಟ್ಟು, ಗೌತಮಿಯನ್ನು ಎರಡನೆಯ ಕ್ಲಾಸಿಗೆ ಕಳಿಸಿ, ಟೀಚರುಗಳ ಕೋಣೆಗೆ ಬಂದಾಗ ಗಂಟೆ ಹೊಡೆದಾಗಿತ್ತು. ಬಾಗಿಲ ಸಂದಿನ ಮೊಳೆಗೆ ಕೈ ತಾನಾಗಿ ಹೋಯಿತು. ಆ ಮೊಳೆಯೂ ಯಾರೂ ಕೊಟ್ಟದ್ದಲ್ಲ. ಗೋಡೆಯ ಉದ್ದಕ್ಕೂ ಖಾಲಿ ಮೊಳೆಗಳಿದ್ದರೂ ಮೊದಲ ದಿನ ಅವಳೇ ಹೂಜಿಯಿಂದ ಅತಿ ದೂರದ್ದನ್ನು ಆರಿಸಿಕೊಂಡಿದ್ದಳು. ಪದ್ಮಾಸನಿಯಮ್ಮ ಅಂದು ಚೀಲವನ್ನೂ ಮೊಳೆಯನ್ನೂ ಅವಳನ್ನೂ ಒಂದು ಸುತ್ತು ನೋಡಿ, ಹಗುರಾದವರ ಹಾಗೆ ಉಸಿರು ಬಿಟ್ಟು, “ಎಷ್ಟು ಅಚ್ಚುಕಟ್ಟು ನೀವು. ಹೇಳಿಸಿಕೊಳ್ಳೋ ಪೈಕಿ ಅಲ್ಲ” ಎಂದಿದ್ದರು. ಆ ಮಾತು ಹಿಡಿದುಕೊಂಡು ಅವಳು ಒಂದು ವಾರ ಸಂತೋಷವಾಗಿದ್ದಳು. ಈಗ ಆ ಸಂತೋಷ ನೆನಪಾಗಿ ಕಿವಿ ಬಿಸಿಯಾಯಿತು. ಬೈಗುಳಕ್ಕಾದರೆ ಎದುರು ನಿಲ್ಲಬಹುದಿತ್ತು. ಹೊಗಳಿಕೆಗೆ ಎದುರು ನಿಲ್ಲುವುದು ಹೇಗೆ? ಒಂಬತ್ತು ವರ್ಷ ಪದ್ಮಾಸನಿಯಮ್ಮನ ಬಾಯಿಗೆ ಒಂದು ಕೆಟ್ಟ ಮಾತೂ ಬರದ ಹಾಗೆ ಅವಳೇ ಕಾದಿದ್ದಳು. ಅವರ ಮರ್ಯಾದೆಯನ್ನು ದಿನಾ ತಾನೇ ಹೆಗಲ ಮೇಲೆ ಹೊತ್ತು ತಂದು ಮೊಳೆಗೆ ತೂಗುಹಾಕಿದ್ದಳು.

ಮಧ್ಯಾಹ್ನದ ಬಿಡುವಿನಲ್ಲಿ ಉರ್ದು ಕ್ಲಾಸಿನ ಜಹನಾರಾ ತನ್ನ ಸೊಟ್ಟಗಾದ ಥರ್ಮಾಸ್ ಫ್ಲಾಸ್ಕ್ ತೆಗೆದು ನೀರು ಕುಡಿಯುತ್ತಿದ್ದಳು. ಅವಳು ಸೇರಿ ನಾಲ್ಕು ವರ್ಷ. ಅವಳ ಚೀಲ ಅಂಜಿನಮ್ಮನ ಚೀಲದ ಪಕ್ಕದ ಮೊಳೆಗೇ ತೂಗುತ್ತಿತ್ತು.

“ಜಹನಾರಾ, ನಿಮಗೆ ನೀರು ಮನೆಯಿಂದ ತರೋಕೆ ಹೇಳಿದ್ದು ಯಾರು? ದೊಡ್ಡಮ್ಮನವರಾ?”

“ಹೆಡ್‌ಮಿಸ್ಟ್ರೆಸ್ಸಾ? ಇಲ್ಲ. ಯಾರೂ ಹೇಳ್ಲಿಲ್ಲ” ಎಂದಳು ಜಹನಾರಾ, ತುಟಿ ಒರೆಸಿಕೊಳ್ಳುತ್ತ. “ಫಸ್ಟ್ ಡೇ ಬಂದೆ. ನಿಮ್ದು ಚೀಲ ಅಲ್ಲಿ ಇತ್ತು. ಹಿರಿ ಟೀಚರೇ ತರ್ತಾರೆ ಅಂದ್ರೆ ಇಲ್ಲಿ ಕಾಯ್ದೆ ಹಿಂಗೇ ಅಂತ ತಿಳ್ಕೊಂಡೆ. ಮಾರನೇ ದಿನ ನಾನೂ ತಂದೆ. ಯಾಕೆ?”

“ಸುಮ್ನೆ.”

“ಕಾಯ್ದೆ ಅಲ್ವಾ ಅದು?”

ಅಂಜಿನಮ್ಮ ಕಾಪಿ ಪುಸ್ತಕಗಳನ್ನು ಎತ್ತಿಕೊಂಡು ಕ್ಲಾಸಿಗೆ ಹೊರಟಳು. ಆ ದಿನ ನೀರು ಕುಡಿಯಲಿಲ್ಲ. ಸಂಜೆ ರೇಷನ್ ಸಾಲಿನಲ್ಲಿ ನಿಂತು, ತುಂಬಿದ ಕೂಜವನ್ನು ಹಾಗೇ ವಾಪಸ್ಸು ಹೊತ್ತು ಮನೆಗೆ ಬಂದಳು. ಎರಡು ಸೇರು ಹೋಗುವಾಗ, ಎರಡು ಸೇರು ಬರುವಾಗ.

ಆ ಸಂಜೆ ಮನೆಯಲ್ಲಿ ಚೀಲಗಳ ಪಂಚಾಯಿತಿ ನಡೆಯಿತು. ಗೌತಮಿ ಕಾಂಪೌಂಡರು ಹೇಳಿದ್ದನ್ನೆಲ್ಲ ಒಪ್ಪಿಸಿದ್ದಳು. ಮೊರದ ಮುಂದೆ ಕೂತು ನಾಳೆಯ ಸೊಪ್ಪು ಸಿವುಡು ಕಟ್ಟುತ್ತಿದ್ದ ಅತ್ತೆ ಮುನಿಲಕ್ಷ್ಮಮ್ಮ, “ನಾನು ಕೆ.ಆರ್. ಪುರದಿಂದ ಮಂಕರಿ ತುಂಬ ಸೊಪ್ಪು ಹೊತ್ಕೊಂಡು ದಂಡಿಗೆ ಬತ್ತಿದ್ದೆ, ಹೊಟ್ಟೇಲಿ ಇವನು ಬೇರೆ. ಹೆಗಲು ನೋವು ಅಂತ ಯಾವ ದವಾಖಾನೆಗೂ ಹೋಗ್ಲಿಲ್ಲ” ಎಂದಳು. ಮುನಿರಾಜಪ್ಪ ಕಾಪಿ ಪುಸ್ತಕ ಶಾಲೆಯಲ್ಲೇ ತಿದ್ದಿಬಿಡು ಎಂದ. ಗೋಣಿಚೀಲ ನಾನು ಒಯ್ಯುತ್ತಿದ್ದೆ, ಆದರೆ ವರ್ಕ್‌ಶಾಪಿನಿಂದ ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ ಎಂದ. ಮಗುವಿನ ಚೀಲದಲ್ಲಿ ಎರಡು ಚಡ್ಡಿ ಕಡಿಮೆ ಮಾಡಬಹುದೇನೋ ಎಂದ. ಅವಳು ಕಾಯುತ್ತಿದ್ದಳು. ಯಾರಾದರೂ ಐದನೆಯದನ್ನು ಹೇಳುತ್ತಾರೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಗೋಡೆಗೆ ತೂಗುತ್ತಿದ್ದ ಗಿಳಿಯ ಮೇಲೆ ಎಲ್ಲರ ಕಣ್ಣೂ ಹಾದುಹೋಗುತ್ತಿತ್ತು, ದೇವರ ಪಟದ ಮೇಲೆ, ಕ್ಯಾಲೆಂಡರಿನ ಮೇಲೆ ಹಾದುಹೋದ ಹಾಗೆ.

“ನೀರಿನದು ಬಿಡ್ತೀನಿ” ಎಂದಳು.

ಮುನಿರಾಜಪ್ಪ ತಟ್ಟೆಯಿಂದ ತಲೆಯೆತ್ತಿದ. “ಬಿಟ್ಟು? ಸಂಜೆವರೆಗೂ ಬಾಯಿ ಒಣಗಿಸ್ಕೊಂಡು ಇರ್ತೀಯಾ?”

“ಅಲ್ಲೇ ಹೂಜಿ ಇದೆ.”

“ಅಂಜಿನಿ, ನೋಡು. ಲಡಾಯಿ ಮುಗಿದ್ಮೇಲೆ ವರ್ಕ್‌ಶಾಪಲ್ಲಿ ವಾರಕ್ಕೆ ನಾಲ್ಕು ಜನಾನ ಮನೆಗೆ ಕಳಿಸ್ತಾ ಇದಾರೆ. ನನ್ನ ಸರದಿ ಯಾವತ್ತೋ. ನಿನ್ನದೊಂದೇ ಗಟ್ಟಿ ಇರೋದು. ಒಂದು ಲೋಟ ನೀರಿಗೆ ಅದನ್ನೂ ಕಳ್ಕೋಬೇಡ.”

“ಒಂದು ಲೋಟ ನೀರಿಗೆ ಕೆಲಸದಿಂದ ತೆಗೀತೀವಿ ಅಂತ ಅವರು ಬಾಯಿ ಬಿಟ್ಟು ಹೇಳ್ಲಿ.”

“ಹೇಳಿಬಿಟ್ರೆ?”

ಹೇಳಿಬಿಟ್ಟರೆ. ಹೇಳಿಬಿಟ್ಟರೆ ಕೆಲಸ ಹೋಗುತ್ತದೆ, ಪಾಪುವಿನ ಗಂಜಿಗೆ ಹಾಲು ಇರುವುದಿಲ್ಲ, ಗೌತಮಿಯ ಓದು ನಿಲ್ಲುತ್ತದೆ. ಹೇಳದಿದ್ದರೆ? ಹೇಳದೆಯೇ ಇಷ್ಟು ದಿನ ನಡೆದಿತ್ತು. ಅವಳು ಹೆದರಿದ್ದು ಹೇಳಿದ ಮಾತಿಗಲ್ಲ, ಯಾರೂ ಆಡದ ಮಾತಿಗೆ. ಅದಕ್ಕೆ ಬಟ್ಟೆ ಹೊಲಿದು, ಗಿಳಿ ಬಿಡಿಸಿ, ಪಟ್ಟಿ ಕಟ್ಟಿ ಹೊತ್ತಿದ್ದಳು, ಈಗ ಮಗಳು ಅದನ್ನು ಆಸ್ತಿಯಂತೆ ಕೇಳುತ್ತಿದ್ದಾಳೆ. ಅಪ್ಪನಿಗೆ ಹೇಳಿದ ಸುಳ್ಳಾದರೂ ಒಂದು ಸಂಜೆಯದು. ಜಹನಾರಾಳಿಗೆ ಹೇಳಿದ್ದು ನಾಲ್ಕು ವರ್ಷದ್ದು, ಅದೂ ಬಾಯಿ ತೆರೆಯದೆ.

ಮಂಗಳವಾರ ಬೆಳಿಗ್ಗೆ ಪಾಪುವನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ, ಸೊಪ್ಪಿನ ಮಂಕರಿ ತಲೆಗೇರಿಸಲು ಸಿದ್ಧವಾಗಿದ್ದ ಅತ್ತೆ ಒಳಗೆ ನೋಡಿ, “ನೀರು ಬಿಟ್ಟು ಹೋಯ್ತಿದ್ದೀಯ” ಎಂದಳು.

“ಗೊತ್ತು ಅತ್ತೆ.”

ಮುನಿಲಕ್ಷ್ಮಮ್ಮ ಸಿಂಬಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು. ಬಂಗಲೆಗಳ ಹಿಂಬಾಗಿಲಲ್ಲಿ ನಿಂತು ಸೊಪ್ಪು ಕೊಟ್ಟು, ಬೊಗಸೆಗೆ ಮೇಲಿಂದ ಹುಯ್ದ ನೀರು ಕುಡಿದು ಮುದುಕಿಯಾದವಳು. ಬೈಯುತ್ತಾಳೆ ಎಂದುಕೊಂಡಿದ್ದಳು ಅಂಜಿನಮ್ಮ.

“ಹಂಗಾದ್ರೆ ಹೊಟ್ಟೆ ತುಂಬ ಕುಡಿ” ಎಂದಳು ಅತ್ತೆ. “ಒಂದು ಗುಟುಕು ಕುಡ್ದು ಕಳ್ಳಿ ತರ ಬರ್ಬೇಡ.”

ದಾರಿಯುದ್ದಕ್ಕೂ ಬಲ ಪಕ್ಕೆಗೆ ಗಿಳಿ ತಾಗಲಿಲ್ಲ. ಏನೋ ಬಿದ್ದುಹೋಗಿದೆ ಎಂದು ಕೈ ಎರಡು ಸಲ ಹುಡುಕಿತು. ಮೂರು ಪೀರಿಯಡ್ಡು ಪಾಠ ಮಾಡಿದಳು. ಬಾಯಾರಿಕೆ ಎಂಬುದು ಗಂಟಲಿನಲ್ಲಿ ಹುಟ್ಟುವುದೋ ತಲೆಯಲ್ಲೋ ತಿಳಿಯದೆ ಎರಡನೆಯ ಪೀರಿಯಡ್ಡಿಗೇ ನಾಲಿಗೆ ಅಂಟತೊಡಗಿತ್ತು. ಬಿಡುವಿನಲ್ಲಿ ಕೋಣೆಗೆ ಬಂದಾಗ ಪದ್ಮಾಸನಿಯಮ್ಮ ಹಾಜರಿ ಪುಸ್ತಕ ನೋಡುತ್ತಿದ್ದರು. ತಮಿಳು ಕ್ಲಾಸಿನ ಕನಕಾಂಬಾಳ್ ಕೋಡುಬಳೆ ಮುರಿಯುತ್ತಿದ್ದಳು. ಜಹನಾರಾ ಕಿಟಕಿಯ ಹತ್ತಿರ. ಬಾಗಿಲಿನಿಂದ ಹೂಜಿಗೆ ಎಂಟು ಹೆಜ್ಜೆ. ಒಂಬತ್ತು ವರ್ಷ ಆ ಮೂಲೆಗೆ ಹೋಗಿರಲಿಲ್ಲವಾದ್ದರಿಂದ ಹೂಜಿಯ ಕೆಳಗಿನ ಮರಳಿನಲ್ಲಿ ಯಾರೋ ಮೆಂತ್ಯ ಬಿತ್ತಿ ಮೊಳಕೆ ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ. ಎಷ್ಟು ಎಳೆಯ ಹಸಿರು. ಹಿತ್ತಾಳೆಯ ಲೋಟ ತೆಗೆದುಕೊಂಡು, ಹೂಜಿ ಬಗ್ಗಿಸಿದಳು. ಎಲ್ಲರೂ ಆ ಲೋಟದಲ್ಲಿ ತುಟಿ ತಾಗಿಸದೆ ಎತ್ತಿ ಕುಡಿಯುತ್ತಿದ್ದುದನ್ನು ನೋಡಿದ್ದಳು. ತಾನೂ ತಲೆ ಹಿಂದಕ್ಕೆ ಹಾಕಿ ಎತ್ತಿ ಹುಯ್ದುಕೊಂಡಳು. ಅಭ್ಯಾಸವಿರಲಿಲ್ಲ. ನೀರು ಮೂಗಿಗೆ ನುಗ್ಗಿ, ಗದ್ದ ಕುತ್ತಿಗೆ ಇಳಿದು ರವಿಕೆ ತೋಯಿಸಿತು. ಕೆಮ್ಮು ಹತ್ತಿತು. ಕನಕಾಂಬಾಳ್‌ಳ ಬಾಯಿಂದ ನಗುವೊಂದು ಜಾರಿ, ಜಾರಿದ್ದು ಗೊತ್ತಾದ ಕೂಡಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಹೆಗಲು ಉರಿಯುತ್ತಿರುವಾಗಲೇ ಅಂಜಿನಮ್ಮ ಲೋಟವನ್ನು ಮತ್ತೆ ಎತ್ತಿ ಉಳಿದದ್ದನ್ನು ಪೂರ್ತಿ ಕುಡಿದಳು. ಆಗ ಬಂತು ಆ ಸದ್ದು. ಒಂಬತ್ತು ವರ್ಷದ ಹಿಂದೆ ಬರಬೇಕಾಗಿದ್ದ ಸದ್ದು. ಪದ್ಮಾಸನಿಯಮ್ಮ ಗಂಟಲು ಸರಿಮಾಡಿಕೊಂಡರು. ಅವಳು ಊಹಿಸಿದ್ದಕ್ಕಿಂತ ಅದು ಬಹಳ ಸಣ್ಣದಾಗಿತ್ತು.

“ಅಂಜಿನಮ್ಮ, ನಿಮ್ಮ ಚೀಲ ಮರ್ತು ಬಂದ್ರಾ?”

“ಮರೀಲಿಲ್ಲ ಅಮ್ಮ. ಬಿಟ್ಟು ಬಂದೆ. ಹೆಗಲು ನೋವು, ಭಾರ ಕಡಿಮೆ ಮಾಡ್ಬೇಕಂತೆ.”

“ಅಯ್ಯೋ ಪಾಪ. ಬೇರೆ ಯಾವುದಾದ್ರೂ ಕಡಿಮೆ ಮಾಡಬಹುದಿತ್ತಲ್ಲ.”

“ಬೇರೆಯವೆಲ್ಲ ಬೇಕಾದವು.” ಲೋಟವನ್ನು ತೊಳೆದು, ಹೂಜಿಯ ಮೇಲೆ ಬೋರಲು ಹಾಕಿ ತಿರುಗಿದಳು. “ಮನೆಯಿಂದ ನೀರು ತರ್ಬೇಕು ಅಂತ ಇಲ್ಲಿ ರೂಲ್ಸ್ ಏನಾದ್ರೂ ಇದೆಯಾ ಅಮ್ಮ? ಇದ್ರೆ ಹೇಳಿ. ಕಾಗದದಲ್ಲಿ ಬರೆದು ಕೊಟ್ರೂ ಸರಿ, ಗೋಡೆಗೆ ಅಂಟಿಸೋಣ.”

ಪದ್ಮಾಸನಿಯಮ್ಮನ ಬಾಯಿ ತೆರೆಯಿತು. ಒಳ್ಳೆಯ ಹೆಂಗಸು, ಹೆರಿಗೆಯ ರಜೆಯಲ್ಲಿ ಅಂಜಿನಮ್ಮನ ಕ್ಲಾಸನ್ನು ತಾವೇ ತೆಗೆದುಕೊಂಡವರು. ಮಾತು ಅವರ ಬಾಯಿಯವರೆಗೆ ಬಂದದ್ದು, ಅದರ ರುಚಿ ಅವರಿಗೇ ಹಿಡಿಸದೆ ಮುಖ ಸಿಂಡರಿಸಿದ್ದು ಅಂಜಿನಮ್ಮನಿಗೆ ಕಾಣಿಸಿತು.

“ರೂಲ್ಸ್ ಅಂತ ಏನಿಲ್ಲ” ಎಂದರು ಕೊನೆಗೆ. “ನೀವೇ ತರ್ತಿದ್ರಿ.”

“ಹೌದು. ನಾನೇ ತರ್ತಿದ್ದೆ.”

ಹೇಳುವಾಗ ಅವಳು ಪದ್ಮಾಸನಿಯಮ್ಮನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡಿದಳು. ಜಹನಾರಾ ಫ್ಲಾಸ್ಕಿನ ಮುಚ್ಚಳವನ್ನು ಅರ್ಧ ತಿರುಗಿಸಿ ಹಾಗೇ ಹಿಡಿದುಕೊಂಡಿದ್ದಳು.

ಆಮೇಲೆ ಆ ದಿನ ಹೂಜಿಯ ಹತ್ತಿರ ಯಾರೂ ಸುಳಿಯಲಿಲ್ಲ. ಕೋಡುಬಳೆ ತಿಂದ ಕನಕಾಂಬಾಳ್ ಬಿಕ್ಕಳಿಸುತ್ತಲೇ ಕ್ಲಾಸಿಗೆ ಹೋದಳು. ಸಂಜೆ ಸಾಲಿನಲ್ಲಿ ನಿಂತಾಗ, ಮಗುವನ್ನು ತರಲು ಹೋದಾಗ, ಕೆರೆಯ ಏರಿ ಇಳಿಯುವಾಗ, ಕಮಿಟಿಯ ಜವಾನ ಹಿಂದಿನಿಂದ ಕಾಗದ ಹಿಡಿದು ಓಡಿ ಬರುತ್ತಿದ್ದಾನೆ ಎಂದು ಅಂಜಿನಮ್ಮ ಮೂರು ಸಲ ತಿರುಗಿ ನೋಡಿದಳು. ಬರಲಿ ಎಂದುಕೊಂಡಳು. ಬಂದರೆ ಅದರಲ್ಲಿ ಬರೆದಿರಲೇಬೇಕಲ್ಲ, ಯಾತಕ್ಕೆ ಎಂದು. ನಾನು ಓದಿ ನೋಡಬೇಕು ಆ ವಾಕ್ಯವನ್ನು.

ಬುಧವಾರ ಅವಳು ಬೇಗ ಹೊರಟಳು. ನಾಲ್ಕು ಚೀಲ, ಒಂದು ಮಗು. ಭಾರವೇನೂ ಕಡಿಮೆಯಲ್ಲ, ಆದರೂ ಏರಿನಲ್ಲಿ ಉಸಿರು ಕಟ್ಟಲಿಲ್ಲ. ಕೋಣೆಯ ಬಾಗಿಲಲ್ಲಿ ಕೈ ಅಭ್ಯಾಸಬಲದಿಂದ ಮೊಳೆಗೆ ಹೋಗಿ, ಹಿಂದೆ ಬಂತು. ಆಗ ಗೋಡೆ ನೋಡಿದಳು. ಹೂಜಿಯ ಹತ್ತಿರದ ಮೊಳೆಗೆ ಹಳದಿ ರೇಷ್ಮೆಯ ತುಂಡಿನ ಒಂದು ಚೀಲ, ಬಾಯಿಂದ ಬೆಳ್ಳಿ ಲೋಟದ ಅಂಚು ಕಾಣುತ್ತಿತ್ತು. ಅದು ಪದ್ಮಾಸನಿಯಮ್ಮನದು. ಅದರ ಪಕ್ಕ ಕನಕಾಂಬಾಳ್‌ಳ ಬುಟ್ಟಿಚೀಲ, ತಳದಿಂದ ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು. ಕನಕಾಂಬಾಳ್ ಸೀರೆಯ ನೆರಿಗೆ ಹಿಂಡುತ್ತ ಗೊಣಗುತ್ತಿದ್ದಳು: “ಏನು ಭಾರ ಶಿವನೇ, ಬಸ್ಸಲ್ಲಿ ಪೂರಾ ಚೆಲ್ಲಿ ಹೋಯ್ತು. ಕೈ ಬಿದ್ದೋಗಿದೆ ನಂದು.” ಪದ್ಮಾಸನಿಯಮ್ಮ ಹಾಜರಿ ಪುಸ್ತಕದಿಂದ ತಲೆಯೆತ್ತಲಿಲ್ಲ, ಆದರೆ ಅವರ ಎಡಗೈ ಬಲ ಹೆಗಲನ್ನು ಮೆಲ್ಲಗೆ ಒತ್ತಿಕೊಳ್ಳುತ್ತಿತ್ತು. ಯಾವ ಕಾಗದವೂ ಬಂದಿರಲಿಲ್ಲ. ಯಾರೂ ಏನೂ ಹೇಳುವ ಹಾಗಿರಲಿಲ್ಲ. ಆದ್ದರಿಂದ ತಮ್ಮ ನೀರನ್ನು ತಾವೇ ಹೊತ್ತುಕೊಂಡು ಬಂದಿದ್ದರು. ಅವಮಾನ ಎದೆಗೆ ಬಂದು ತಾಗಿತು, ಅವಳು ಕಾದು ನಿಂತಳು, ತಾಗಿದ್ದು ಹಾಗೇ ಮೇಲೇರಿ ಬೇರೇನೋ ಆಗಿ ತುಟಿಯ ತುದಿಗೆ ಬಂತು. ಅಲ್ಲಿ ಎಲ್ಲರೂ ತರ್ತಾರೆ, ಅಪ್ಪ.

ಬಾಗಿಲ ಬಳಿಯ ಎರಡು ಮೊಳೆಗಳೂ ಖಾಲಿ ಇದ್ದವು. ಎರಡನೆಯದರ ಒಡತಿ ಕಿಟಕಿಯ ಹತ್ತಿರದಿಂದ ಎದ್ದು ಬಂದು ಅಂಜಿನಮ್ಮನ ಹಿಂದೆ ಹೂಜಿಗೆ ಸರದಿ ನಿಂತಳು.

ಅಂಜಿನಮ್ಮ ಲೋಟ ತೆಗೆದುಕೊಂಡಳು. ಇವತ್ತು ಎತ್ತಿ ಕುಡಿಯಲಿಲ್ಲ. ಮನೆಯಲ್ಲಿ ಕುಡಿಯುವ ಹಾಗೆ ತುಟಿಗೇ ಇಟ್ಟು, ನಿಧಾನವಾಗಿ ಕುಡಿದಳು. ಲೋಟ ತೊಳೆದು ಜಹನಾರಾಳ ಕೈಗೆ ಕೊಟ್ಟಳು.

“ಕನಕಾ” ಎಂದಳು ಆಮೇಲೆ, “ಮುಚ್ಚಳದ ಒಳಗಡೆ ಒಂದು ಹಳೇ ಬಟ್ಟೆ ಸುತ್ತಿ ಬಿಗೀರಿ, ಚೆಲ್ಲಲ್ಲ. ಪಟ್ಟಿ ಅಗಲಕ್ಕೆ ಹೊಲೀರಿ. ಸಣ್ಣದಾದ್ರೆ ಹೆಗಲು ಕೊಯ್ಯುತ್ತೆ. ಗೊತ್ತಾಗದಿದ್ರೆ ನನ್ನ ಕೇಳಿ, ನಂಗೆ ಒಂಬತ್ತು ವರ್ಷದ ಅಭ್ಯಾಸ.”

ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ಜಹನಾರಾ ಕುಡಿದು ಲೋಟವನ್ನು ವಾಪಸ್ಸು ಕೊಟ್ಟಳು. ಅಂಜಿನಮ್ಮನಿಗೆ ಬಾಯಾರಿಕೆ ಇರಲಿಲ್ಲ. ಆದರೂ ಹೂಜಿ ಬಗ್ಗಿಸಿ ಇನ್ನೊಂದು ಲೋಟ ತುಂಬಿಸಿಕೊಂಡಳು.